ಗ್ಯಾಸ್ ಬಿಲ್ಲಿನ ಮೂರನೇ ಪುಟ

ಓದುಗರ ಪ್ರಶ್ನೆ

"ಮೇಡಂ, ನಮಸ್ತೆ. ನಾವು ಹುಬ್ಬಳ್ಳಿ ಕಡೆಯವರು. ನಾಲ್ಕೂವರೆ ವರ್ಷದಿಂದ ಜರ್ಮನಿಯಲ್ಲಿ, ಸ್ಟುಟ್‌ಗಾರ್ಟ್ ಹತ್ತಿರದ ಒಂದು ಸಣ್ಣ ಊರಲ್ಲಿದ್ದೇವೆ. ಹಳೇ ಕಟ್ಟಡ, 75 ಚದರ ಮೀಟರಿನ ಬಾಡಿಗೆ ಮನೆ. ಅಡುಗೆಮನೆ ಗೋಡೆಗೆ ನಮ್ಮ ಮನೆಯೊಂದನ್ನೇ ಬಿಸಿ ಮಾಡುವ ಗ್ಯಾಸ್ ಬಾಯ್ಲರ್ ಇದೆ, ಗ್ಯಾಸ್ ಕಂಪನಿ ಜೊತೆ ಕರಾರೂ ನಮ್ಮ ಹೆಸರಲ್ಲೇ. 2025ರ ಬಿಲ್ ಬಂತು. 14,000 ಯೂನಿಟ್, ಒಟ್ಟು 1,692 ಯೂರೊ. ತಿಂಗಳಿಗೆ 115ರಂತೆ ಕಟ್ಟಿದ್ದೆವು, ಇನ್ನೂ 312 ಬಾಕಿ ಅಂತಾರೆ. ಅದೇ ವಾರ ಮನೆ ಮಾಲೀಕರ ಪತ್ರ: ಮುಂದಿನ ವರ್ಷ ಇಡೀ ಕಟ್ಟಡಕ್ಕೆ ಹೀಟ್ ಪಂಪ್ (ಗ್ಯಾಸ್ ಬದಲು ಕರೆಂಟಿನಿಂದ ಮನೆ ಬಿಸಿ ಮಾಡುವ ಯಂತ್ರ) ಹಾಕಿಸುತ್ತೇವೆ, ನಿಮ್ಮ ಬಾಡಿಗೆ 140 ಯೂರೊ ಜಾಸ್ತಿ ಆಗಬಹುದು ಅಂತ. ನಮ್ಮ ಯಜಮಾನರು ಕಾರಿನ ಎಂಜಿನ್ ಬಿಡಿಭಾಗ ಮಾಡುವ ಕಂಪನಿಯಲ್ಲಿ ಎಂಜಿನಿಯರ್, ಬ್ಲೂ ಕಾರ್ಡ್ (ಓದಿದ ವಿದೇಶಿ ಕೆಲಸಗಾರರಿಗೆ ಕೊಡುವ ವಾಸದ ಪರವಾನಗಿ) ಮೇಲೆ ಇದ್ದಾರೆ. ಅಲ್ಲಿ ಜನ ಕಡಿಮೆ ಮಾಡ್ತಾರಂತೆ. ದುಡ್ಡು ಕೊಡ್ತೀವಿ, ಸಹಿ ಹಾಕಿ ಹೊರಡಿ ಅನ್ನೋ ಮಾತು ಶುರುವಾಗಿದೆ. ಇಬ್ಬರು ಚಿಕ್ಕ ಮಕ್ಕಳು. ಅವರ ಜೊತೆ ಕೆಲಸ ಮಾಡೋರು ಹೇಳೋದು, ಇದೆಲ್ಲ ಹಸಿರು ಹುಚ್ಚು, ನಮ್ಮ ತೆರಿಗೆ ದುಡ್ಡೆಲ್ಲ ಬ್ಯೂರ್ಗರ್‌ಗೆಲ್ಡ್ (ಸರಕಾರದ ಜೀವನಭತ್ಯೆ) ತಗೊಂಡು ಮನೇಲಿ ಕೂತೋರಿಗೆ ಹೋಗುತ್ತೆ ಅಂತ. ಊರಲ್ಲಿ ಅಮ್ಮನಿಗೆ ಗೃಹಜ್ಯೋತಿಯಿಂದ ಕರೆಂಟ್ ಬಿಲ್ ಸೊನ್ನೆ ಬರುತ್ತೆ. 'ಅಲ್ಲಿ ಸರಕಾರ ಏನೂ ಕೊಡಲ್ವೇನೇ?' ಅಂತ ಕೇಳ್ತಾರೆ. ಏನು ಹೇಳಲಿ? ಕೆಲಸ ಹೋದರೆ ನಮಗೇನಾದರೂ ಸಿಗುತ್ತಾ? ವೀಸಾ ಗತಿ ಏನು?"

ಉತ್ತರ

ಬಿಲ್ಲು, ಬಾಡಿಗೆ, ಕೆಲಸ. ಮೂರೂ ಒಂದೇ ವಾರ ಬಂದು ಬಾಗಿಲು ತಟ್ಟಿದ್ದರಿಂದ ಮೂರಕ್ಕೂ ಒಂದೇ ಕಾರಣ ಇರಬೇಕು ಅಂತ ಅನ್ನಿಸುವುದು ಸಹಜ. ಹನ್ನೆರಡು ವರ್ಷದಿಂದ ಇಲ್ಲಿ ಬಾಡಿಗೆದಾರರಿಗೆ ಹೀಟಿಂಗ್ ಖರ್ಚಿನ ಬಗ್ಗೆ ಸಲಹೆ ಕೊಡುತ್ತಿದ್ದೇನೆ. ಪ್ಲಾಸ್ಟಿಕ್ ಚೀಲದಲ್ಲಿ ಬಿಲ್ಲುಗಳನ್ನು ತುಂಬಿಕೊಂಡು ಬರುವವರಲ್ಲಿ ಅರ್ಧ ಜನ ನಿಮ್ಮ ಹಾಗೇ ಮಾತು ಶುರು ಮಾಡುತ್ತಾರೆ. ಮೊದಲು ಅವರ ಕೈಯಲ್ಲಿ ಬಿಲ್ಲಿನ ಮೂರನೇ ಪುಟ ತೆಗೆಸುತ್ತೇನೆ. ಮೊದಲ ಪುಟದಲ್ಲಿ ಎಷ್ಟು ಕಟ್ಟಬೇಕು ಅಂತ ಇರುತ್ತದೆ. ಎರಡನೆಯದರಲ್ಲಿ ಮೀಟರ್ ರೀಡಿಂಗ್. ಮೂರನೆಯದನ್ನು ಯಾರೂ ಓದುವುದಿಲ್ಲ. ಹೆಚ್ಚಿನ ಕಂಪನಿಗಳು ಕಾರ್ಬನ್ ಶುಲ್ಕದ ಲೆಕ್ಕವನ್ನು ಅಲ್ಲೇ, ಚಿಕ್ಕ ಅಕ್ಷರದಲ್ಲಿ, ಹಾಕಿರುತ್ತವೆ.

ನಿಮ್ಮ ಲೆಕ್ಕ ಮಾಡೋಣ. ಒಂದು ಯೂನಿಟ್ ಗ್ಯಾಸ್ ಸುಟ್ಟರೆ ಸುಮಾರು 182 ಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. 14,000 ಯೂನಿಟ್ ಅಂದರೆ ಎರಡೂವರೆ ಟನ್ನಿಗೆ ಸ್ವಲ್ಪ ಜಾಸ್ತಿ. ಜರ್ಮನಿ 2021ರಲ್ಲಿ ಟನ್ನಿಗೆ 25 ಯೂರೊ ಶುಲ್ಕ ಶುರು ಮಾಡಿತು. 2024ರಲ್ಲಿ ಅದು 45 ಆಯಿತು, 2025ರಲ್ಲಿ 55. ಆ ಲೆಕ್ಕದಲ್ಲಿ ನಿಮ್ಮ ಪಾಲಿಗೆ 140 ಯೂರೊ, ಶೇ 19ರ ತೆರಿಗೆ ಸೇರಿದರೆ ಸುಮಾರು 167.

ಅಂದರೆ 1,692ರಲ್ಲಿ 'ಹಸಿರು ಹುಚ್ಚಿನ' ಪಾಲು ಹತ್ತರಲ್ಲಿ ಒಂದು. ಯೂನಿಟ್ಟಿಗೆ 1.2 ಸೆಂಟ್. 2021ಕ್ಕೆ ಮೊದಲು ಗ್ಯಾಸ್ ಯೂನಿಟ್ಟಿಗೆ ಆರು ಸೆಂಟಿನ ಆಸುಪಾಸು ಇತ್ತು, ಈಗ ನೀವು ಹನ್ನೊಂದರ ಮೇಲೆ ಕೊಡುತ್ತಿದ್ದೀರಿ. ಏರಿದ ಐದು ಸೆಂಟಿನಲ್ಲಿ ಬಹುಪಾಲು ಬಂದದ್ದು 2022ರಲ್ಲಿ ರಷ್ಯಾದ ಪೈಪ್‌ಲೈನ್ ಬತ್ತಿಹೋದದ್ದರಿಂದ. ಜರ್ಮನಿ ತನಗೆ ಬೇಕಾದ ಗ್ಯಾಸಿನ ಅರ್ಧಕ್ಕಿಂತ ಜಾಸ್ತಿಯನ್ನು ಒಂದೇ ದೇಶದಿಂದ ತರಿಸುತ್ತಿತ್ತು. ಅದು ನಿಂತಾಗ ಹಡಗಿನಲ್ಲಿ ಬರುವ ದುಬಾರಿ ಗ್ಯಾಸಿಗೆ ಕೈಚಾಚಬೇಕಾಯಿತು. ಹೀಟ್ ಪಂಪ್ ಹಾಕಿಸಿದವರು ಆ ಬೆಲೆ ಏರಿಸಲಿಲ್ಲ, ಅಲ್ವಾ?

ಹಾಗಂತ ಕಾರ್ಬನ್ ಶುಲ್ಕ ಲೆಕ್ಕಕ್ಕಿಲ್ಲದ್ದು ಅಂತ ನಾನು ಹೇಳುವುದಿಲ್ಲ. ಅದು ಏರಲೆಂದೇ ಮಾಡಿದ ಶುಲ್ಕ. 2026ಕ್ಕೆ 55ರಿಂದ 65ರ ನಡುವೆ ಅಂತ ಇಟ್ಟಿದ್ದಾರೆ. ಆಮೇಲೆ ಇಡೀ ಯುರೋಪಿಯನ್ ಒಕ್ಕೂಟಕ್ಕೆ ಒಂದೇ ಕಾರ್ಬನ್ ಮಾರುಕಟ್ಟೆ ಬರುತ್ತದೆ. ಮನೆ ಬಿಸಿ ಮಾಡುವ ಇಂಧನ, ವಾಹನದ ಇಂಧನ ಎರಡೂ ಅದರೊಳಗೆ. 2027ಕ್ಕೆ ಶುರುವಾಗಬೇಕಿತ್ತು. ಹಲವು ಸರಕಾರಗಳು ಹೆದರಿದ್ದರಿಂದ 2025ರ ಕೊನೆಯಲ್ಲಿ ಅದನ್ನು 2028ಕ್ಕೆ ತಳ್ಳುವ ಮಾತಾಯಿತು. ಅಲ್ಲಿ ಬೆಲೆಯನ್ನು ಮಾರುಕಟ್ಟೆ ನಿರ್ಧರಿಸುತ್ತದೆ. ಸುಮ್ನೆ ಲೆಕ್ಕಕ್ಕೆ ಟನ್ನಿಗೆ 100 ಯೂರೊ ಅಂತ ಇಟ್ಟುಕೊಳ್ಳಿ, ನಿಮ್ಮ 167 ಆಗ 303 ಆಗುತ್ತದೆ. ಬಡವರಿಗೆ ಅದು ಸಣ್ಣ ಮೊತ್ತವಲ್ಲ.

ಈಗ ಅಮ್ಮ ಕೇಳಿದ ಪ್ರಶ್ನೆಗೆ ಬರುತ್ತೇನೆ. ನಿಮ್ಮ ಪ್ರಶ್ನೆಗಳಲ್ಲೆಲ್ಲ ನನಗೆ ಹಿಡಿಸಿದ್ದು ಅದೇ. ಇಲ್ಲಿಯ ಸರಕಾರ ಕೊಡುತ್ತದೆ, ತುಂಬಾ ಕೊಡುತ್ತದೆ. ಆದರೆ ತೆಗೆದುಕೊಳ್ಳುವಾಗ ನಿಮ್ಮನ್ನು ಕೇಳುವುದಿಲ್ಲ, ಬಿಲ್ಲಿನಲ್ಲಿ ತಾನಾಗಿಯೇ ಮುರಿದುಕೊಳ್ಳುತ್ತದೆ. ಕೊಡುವಾಗ ಮಾತ್ರ ಅರ್ಜಿ ಕೇಳುತ್ತದೆ. ಅರ್ಜಿಯ ಹೆಸರು ಗೊತ್ತಿದ್ದವರಿಗೆ ಸಿಗುತ್ತದೆ. ಗೃಹಜ್ಯೋತಿಗೂ ಅಮ್ಮ ಒಮ್ಮೆ ನೋಂದಣಿ ಮಾಡಿಸಿರುತ್ತಾರೆ, ಆದರೆ ಆಮೇಲೆ ಪ್ರತಿ ತಿಂಗಳೂ ಬಿಲ್ಲಿನಲ್ಲೇ ಸೊನ್ನೆ ಕಾಣುತ್ತದೆ. ಇಲ್ಲಿ ಹಾಗೆ ಕಣ್ಣಿಗೆ ಕಾಣುವ ಸೊನ್ನೆ ಇಲ್ಲ. ಯುರೋಪಿನ ಹಸಿರು ಬದಲಾವಣೆ ಎಲ್ಲಿ ಎಡವುತ್ತಿದೆ ಅಂತ ಕೇಳಿದರೆ ನಾನು ತೋರಿಸುವ ಜಾಗ ಇದು. ಶುಲ್ಕ ಹಾಕಿದ್ದು ತಪ್ಪಲ್ಲ ಅನ್ನುವವಳು ನಾನು.

ಒಂದು ಉದಾಹರಣೆ. 2021ರಲ್ಲಿ ಕರೆಂಟಿನ ಪ್ರತಿ ಯೂನಿಟ್ ಮೇಲೆ ಗಾಳಿ, ಸೌರ ವಿದ್ಯುತ್ತಿಗೆಂದು 6.5 ಸೆಂಟ್ ಸುಂಕ ಇತ್ತು. 2022ರ ಜುಲೈನಲ್ಲಿ ಅದನ್ನು ಪೂರ್ತಿ ತೆಗೆದರು. ಆ ಖರ್ಚನ್ನು ಸರಕಾರದ ಹವಾಮಾನ ನಿಧಿ ಹೊರುವ ಹಾಗೆ ಮಾಡಿದರು, ಕಾರ್ಬನ್ ಶುಲ್ಕದ ದುಡ್ಡು ಹೋಗುವುದೂ ಅಲ್ಲಿಗೇ. ಅಂದರೆ ಒಂದು ಕೈಯಲ್ಲಿ ಪಡೆದದ್ದನ್ನು ಇನ್ನೊಂದು ಕೈಯಲ್ಲಿ ಕೊಟ್ಟರು. ಯಾರಿಗೂ ಗೊತ್ತಾಗಲಿಲ್ಲ. ಅದೇ ವರ್ಷ ಕರೆಂಟಿನ ಬೆಲೆ ಯುದ್ಧದಿಂದ ಏರಿತ್ತು, ಕಳೆದ ಸುಂಕ ಅದರಡಿ ಮುಚ್ಚಿಹೋಯಿತು. ನೇರವಾಗಿ ಎಲ್ಲರ ಖಾತೆಗೆ ತಲೆಗಿಷ್ಟು ಅಂತ ಹಾಕುವ 'ಕ್ಲೀಮಾಗೆಲ್ಡ್' ಕೊಡುತ್ತೇವೆ ಅಂತ 2021ರ ಸರಕಾರ ಒಪ್ಪಂದದಲ್ಲಿ ಬರೆದಿತ್ತು. ಒಂದು ಸೆಂಟೂ ಬರಲಿಲ್ಲ. 2023ರ ನವೆಂಬರಿನಲ್ಲಿ ಸಂವಿಧಾನ ನ್ಯಾಯಾಲಯ ಆ ನಿಧಿಗೆ ತಿರುಗಿಸಿದ್ದ 60 ಬಿಲಿಯನ್ ಯೂರೊ ಸಾಲವನ್ನು ರದ್ದು ಮಾಡಿದ ಮೇಲಂತೂ ಆ ಮಾತೇ ನಿಂತುಹೋಯಿತು.

ಪಕ್ಕದ ಆಸ್ಟ್ರಿಯಾ ಇದನ್ನು ಮಾಡಿ ತೋರಿಸಿತ್ತು. 2022ರಲ್ಲಿ ದೊಡ್ಡವರಿಗೆ ತಲೆಗೆ 500 ಯೂರೊ ಕೊಟ್ಟರು. ಅದರಲ್ಲಿ ಅರ್ಧ ಬೆಲೆಯೇರಿಕೆಯ ಪರಿಹಾರ. 2024ರಲ್ಲಿ ಬಸ್ಸು-ರೈಲು ಚೆನ್ನಾಗಿರುವ ಊರಿನವರಿಗೆ 145, ಏನೂ ಇಲ್ಲದ ಹಳ್ಳಿಯವರಿಗೆ 290. ಅರ್ಜಿ ಇಲ್ಲ. ಬ್ಯಾಂಕ್ ಖಾತೆ ಗೊತ್ತಿದ್ದರೆ ಅಲ್ಲಿಗೇ, ಇಲ್ಲದಿದ್ದರೆ ಅಂಚೆಯಲ್ಲಿ ವೋಚರ್. 2025ರಲ್ಲಿ ಹೊಸ ಸರಕಾರ ಬಂದು ಬಜೆಟ್ ಕೊರತೆ ತುಂಬಲು ಅದನ್ನು ನಿಲ್ಲಿಸಿತು. ಕಾರ್ಬನ್ ಶುಲ್ಕ ನಿಲ್ಲಿಸಲಿಲ್ಲ! ಇಂಥದ್ದು ಮಾಡಿದಾಗ ಜನ ಸಿಟ್ಟಾದರೆ ಅವರನ್ನು ದೂರಬಾರದು. ಫ್ರಾನ್ಸಿನಲ್ಲಿ 2018ರ ನವೆಂಬರಿನಲ್ಲಿ ಹಳದಿ ಜಾಕೆಟ್ ಹಾಕಿಕೊಂಡು ರಸ್ತೆಗಿಳಿದವರೂ ಡೀಸೆಲ್ ತೆರಿಗೆಯ ಏರಿಕೆಯಿಂದಲೇ ಶುರು ಮಾಡಿದ್ದು.

ಹೊಸ ಕಾರ್ಬನ್ ಮಾರುಕಟ್ಟೆಯ ಜೊತೆಗೆ ಒಕ್ಕೂಟ ಒಂದು 'ಸಾಮಾಜಿಕ ಹವಾಮಾನ ನಿಧಿ' ಇಟ್ಟಿದೆ. 2026ರಿಂದ 2032ರವರೆಗೆ 65 ಬಿಲಿಯನ್ ಯೂರೊವರೆಗೆ, ದೇಶಗಳ ಪಾಲೂ ಸೇರಿದರೆ ಸುಮಾರು 87. ಅದರಲ್ಲಿ ದೊಡ್ಡ ಪಾಲು ಪೋಲೆಂಡಿಗೆ, ಶೇ 17.6. ನೇರವಾಗಿ ಜನರ ಕೈಗೆ ಹಣ ಕೊಡಲು ಪ್ರತಿ ದೇಶದ ಯೋಜನೆಯಲ್ಲಿ ಶೇ 37.5ರ ಮಿತಿ ಇದೆ, ಉಳಿದದ್ದು ಮನೆ ರಿಪೇರಿ, ಬಸ್ಸು ಇಂಥವಕ್ಕೆ. ನಿಮ್ಮ ಮನೆಗೆ ಇದರಿಂದ ಚೆಕ್ ಬರುತ್ತದೆ ಅಂತ ಕಾಯಬೇಡಿ.

ಬ್ಯೂರ್ಗರ್‌ಗೆಲ್ಡ್ ಮಾತಿಗೆ ಬರೋಣ. ನಿಮ್ಮ ಯಜಮಾನರ ಸಹೋದ್ಯೋಗಿಗಳು ಹೇಳುವುದರಲ್ಲಿ ಒಂದು ಎಳೆ ಸತ್ಯ ಇದೆ. ಬ್ಯೂರ್ಗರ್‌ಗೆಲ್ಡ್ ಪಡೆಯುವವರ ಬಾಡಿಗೆ, ಹೀಟಿಂಗ್ ಖರ್ಚು ಎರಡನ್ನೂ ಈ ಭತ್ಯೆಯ ಸರಕಾರಿ ಕಚೇರಿಯಾದ ಯೋಬ್‌ಸೆಂಟರ್ ಕೊಡುತ್ತದೆ, ಅದು 'ತಕ್ಕಮಟ್ಟಿಗೆ' ಇದ್ದರೆ. ಕಾರ್ಬನ್ ಶುಲ್ಕದ ಬಿಸಿ ಅಲ್ಲಿ ಅವರಿಗೆ ತಟ್ಟುವುದಿಲ್ಲ. ಆದರೆ ಒಂಟಿ ವ್ಯಕ್ತಿಗೆ ಸಿಗುವ 563 ಯೂರೊದಲ್ಲೇ ಊಟ, ಬಟ್ಟೆ, ಫೋನ್, ಜೊತೆಗೆ ಕರೆಂಟ್ ಬಿಲ್ಲೂ ಆಗಬೇಕು. 2024ರಲ್ಲಿ ಸುಮಾರು 55 ಲಕ್ಷ ಜನ ಇದರಡಿ ಇದ್ದರು. ಅವರಲ್ಲಿ ಹದಿನೈದು ಲಕ್ಷ ಜನ ದುಡಿಯಲಾಗದವರು, ಬಹುತೇಕ ಮಕ್ಕಳೇ. ಎಂಟು ಲಕ್ಷ ಜನ ಕೆಲಸ ಮಾಡುತ್ತಲೇ ಇದ್ದರು, ಸಂಬಳ ಸಾಲುತ್ತಿರಲಿಲ್ಲ ಅಷ್ಟೆ. 2024ರಲ್ಲಿ ಈ ಬಾಬ್ತಿಗೆ ಹೋದದ್ದು ಸುಮಾರು 47 ಬಿಲಿಯನ್ ಯೂರೊ. ಪಿಂಚಣಿ ನಿಧಿಗೆ ಬಜೆಟ್ಟಿನಿಂದ ಹೋಗುವುದು ನೂರು ಬಿಲಿಯನ್ನಿಗೂ ಜಾಸ್ತಿ. ಅದರ ಬಗ್ಗೆ ಕ್ಯಾಂಟೀನಿನಲ್ಲಿ ಯಾರೂ ಸಿಟ್ಟಾಗುವುದಿಲ್ಲ, ಎಲ್ಲರ ಮನೆಯಲ್ಲೂ ಅಜ್ಜ-ಅಜ್ಜಿ ಇರುತ್ತಾರಲ್ಲ.

2005ರಲ್ಲಿ ಬಂದ 'ಹಾರ್ಟ್ಸ್ 4' ವ್ಯವಸ್ಥೆಯ ಹೆಸರು ಕೆಟ್ಟಿತ್ತು ಅಂತ 2023ರಲ್ಲಿ ಇದಕ್ಕೆ ಬ್ಯೂರ್ಗರ್‌ಗೆಲ್ಡ್ ಅಂತ ಹೆಸರಿಟ್ಟರು. 2025ರಲ್ಲಿ ಬಂದ ಸರಕಾರ ಮತ್ತೆ ಹೆಸರು ಬದಲಿಸಿ, ಕೆಲಸದ ಕರೆಗೆ ಬಾರದವರಿಗೆ ದಂಡ ಬಿಗಿ ಮಾಡುವ ತೀರ್ಮಾನ ಮಾಡಿತು. ನನ್ನ ಮೇಜಿನ ಮುಂದೆ ಕೂತವರ ತೊಂದರೆ ಇದರಿಂದ ತೀರುವುದಿಲ್ಲ.

ಯಾಕೆಂದರೆ ನಿಜವಾಗಿ ಹಿಂಡಿಹೋಗುವವರು ಬ್ಯೂರ್ಗರ್‌ಗೆಲ್ಡ್ ಗೆರೆಯ ಒಂದು ಇಂಚು ಮೇಲಿರುವವರು. ಎರಡು ಚಳಿಗಾಲದ ಹಿಂದೆ ಒಬ್ಬ ಅಜ್ಜಿ ಬಂದಿದ್ದರು. ಬಟ್ಟೆ ಅಂಗಡಿಯಲ್ಲಿ ಮೂವತ್ತು ವರ್ಷ ದುಡಿದವರು. ಸಣ್ಣ ಪಿಂಚಣಿ. ಎರಡು ಕೋಣೆಯ ಹೀಟಿಂಗ್ ಪೂರ್ತಿ ಬಂದ್ ಮಾಡಿ ಅಡುಗೆಮನೆಯಲ್ಲೇ ಮಲಗುತ್ತಿದ್ದರು. ಮಲಗುವ ಕೋಣೆಯ ಮೂಲೆಯಲ್ಲಿ ಬೂಷ್ಟು ಬಂದಿತ್ತು, ಫೋಟೋ ತಂದಿದ್ದರು. ಗೋಡೆ ಒದ್ದೆಯಾಗಿದೆ ಅಂತ ದೂರು ಕೊಡಲು ಬಂದವರು ಅವರು. ಲೆಕ್ಕ ಹಾಕಿ ನೋಡಿದರೆ ಮೂರು ವರ್ಷದಿಂದ ಅವರಿಗೆ ವೋನ್‌ಗೆಲ್ಡ್, ಅಂದರೆ ಬಾಡಿಗೆ ನೆರವು, ಸಿಗಬೇಕಿತ್ತು. 2023ರಲ್ಲಿ ಆ ನೆರವನ್ನು ಹೆಚ್ಚುಕಡಿಮೆ ಎರಡು ಪಟ್ಟು ಮಾಡಿ, ಹೀಟಿಂಗ್ ಏರಿಕೆಗೆ ಅಂತಲೇ ಒಂದು ಭಾಗ ಸೇರಿಸಿದ್ದರು. ಅವರು ಅರ್ಜಿ ಹಾಕಿರಲಿಲ್ಲ. "ಅದು ಕೈಲಾಗದವರಿಗೆ ಅಲ್ಲವೇನಮ್ಮ" ಅಂದರು. ಅರ್ಜಿ ಕೊಟ್ಟ ತಿಂಗಳಿಂದಷ್ಟೇ ಹಣ ಬರುತ್ತದೆ, ಹಿಂದಿನ ಮೂರು ವರ್ಷದ್ದು ಹೋಯಿತು. ಇದನ್ನು ಹೇಳುವಾಗ ನನಗೇ ನಾಚಿಕೆಯಾಯಿತು.

ಇನ್ನೊಂದು ಯಾರಿಗೂ ಗೊತ್ತಿಲ್ಲದ ಬಾಗಿಲು. ನಿಮಗೆ ಬೇಡ, ಆದರೆ ನಿಮ್ಮ ಪರಿಚಯದ ಕಡಿಮೆ ಸಂಬಳದವರಿಗೆ ಹೇಳಿ. ಹೀಟಿಂಗಿನ ದೊಡ್ಡ ಬಾಕಿ ಒಮ್ಮೆಗೇ ಬಂದರೆ, ಕೆಲಸದಲ್ಲಿರುವವರೂ ಆ ಒಂದು ತಿಂಗಳ ಮಟ್ಟಿಗೆ ಯೋಬ್‌ಸೆಂಟರಿನ ನೆರವು ಕೇಳಬಹುದು. ಆದರೆ ಬಾಕಿ ಕಟ್ಟಬೇಕಾದ ತಿಂಗಳಲ್ಲೇ ಅರ್ಜಿ ಕೊಡಬೇಕು. ಒಂದು ತಿಂಗಳು ತಡ ಮಾಡಿದರೆ ಇಲ್ಲ. ವೀಸಾ ಮೇಲೆ ಇರುವವರು ಮಾತ್ರ ಇದಕ್ಕೆ ಕೈ ಹಾಕುವ ಮುಂಚೆ ವಲಸಿಗರ ಸಲಹಾ ಕೇಂದ್ರದಲ್ಲಿ ಕೇಳಲೇಬೇಕು. ಯೋಬ್‌ಸೆಂಟರಿನ ದುಡ್ಡು ವಾಸದ ಪರವಾನಗಿಗೆ ತೊಡಕಾಗಬಹುದು.

ಈಗ ಮನೆ ಮಾಲೀಕರ ಪತ್ರ. 140 ಯೂರೊ ಅಂದಿದ್ದಾರಲ್ಲ, ಅದು ಬರೀ ಹೀಟ್ ಪಂಪಿಗಾದರೆ ಈಗಿನ ಕಾನೂನಿನಲ್ಲಿ ಸಾಧ್ಯವೇ ಇಲ್ಲ. ಹೊಸ ಹೀಟಿಂಗ್ ಹಾಕಿಸಿದ್ದಕ್ಕೆ ತಿಂಗಳಿಗೆ ಚದರ ಮೀಟರಿಗೆ 50 ಸೆಂಟಿಗಿಂತ ಜಾಸ್ತಿ ಏರಿಸುವಂತಿಲ್ಲ. ನಿಮ್ಮ 75 ಚದರ ಮೀಟರಿಗೆ 37.50 ಯೂರೊ. ಅಲ್ಲಿಗೆ ನಿಲ್ಲಬೇಕು. ಗೋಡೆಗೆ ಇನ್ಸುಲೇಷನ್, ಹೊಸ ಕಿಟಕಿ ಕೂಡ ಹಾಕಿಸುತ್ತಿದ್ದರೆ ಬೇರೆ ಲೆಕ್ಕ. ಎಲ್ಲ ಸೇರಿ ಆರು ವರ್ಷದಲ್ಲಿ ಚದರ ಮೀಟರಿಗೆ 3 ಯೂರೊವರೆಗೆ ಏರಿಸಬಹುದು. ನಿಮ್ಮ ಮೂಲ ಬಾಡಿಗೆ ಚದರ ಮೀಟರಿಗೆ 7 ಯೂರೊಗಿಂತ ಕಡಿಮೆ ಇದ್ದರೆ 2 ಯೂರೊವರೆಗೆ. ಹಾಗಾಗಿ ಮೊದಲ ಕೆಲಸ, ಯಾವುದಕ್ಕೆ ಎಷ್ಟು ಅಂತ ಬಿಡಿಬಿಡಿಯಾಗಿ ಬರೆದು ಕೊಡಿ ಅಂತ ಕೇಳುವುದು. ಹಳೇ ಬಾಯ್ಲರ್ ರಿಪೇರಿಗೆ ಹೇಗೂ ಆಗುತ್ತಿದ್ದ ಖರ್ಚು, ಸರಕಾರ ಕೊಟ್ಟ ಸಬ್ಸಿಡಿ, ಇವೆರಡನ್ನೂ ಕಳೆದ ಮೇಲೆ ಉಳಿದದ್ದಷ್ಟೇ ನಿಮ್ಮ ತಲೆಗೆ ಬರಬೇಕು.

ಸಬ್ಸಿಡಿ ಅಂದೆನಲ್ಲ. ಸ್ವಂತ ಮನೆಯಲ್ಲಿರುವವರಿಗೆ ಮೊದಲ 30,000 ಯೂರೊ ಖರ್ಚಿನ ಮೇಲೆ ಶೇ 30 ಮೂಲ ಸಬ್ಸಿಡಿ, ಹಳೇ ಹೀಟಿಂಗನ್ನು ಬೇಗ ಬದಲಿಸಿದರೆ ಶೇ 20, ವರ್ಷದ ಆದಾಯ 40,000ದ ಒಳಗಿದ್ದರೆ ಇನ್ನೊಂದು ಶೇ 30. ಎಲ್ಲ ಸೇರಿ ಶೇ 70ರ ಮಿತಿ, 21,000 ಯೂರೊವರೆಗೆ ಬರಬಹುದು. ಬಾಡಿಗೆಗೆ ಕೊಟ್ಟವರಿಗೆ ಮೂಲ ಪಾಲು ಸಿಗುತ್ತದೆ. ಬಾಡಿಗೆದಾರರ ಕೈಗೆ ನೇರವಾಗಿ ಏನೂ ಇಲ್ಲ. ಅರ್ಧಕ್ಕಿಂತ ಜಾಸ್ತಿ ಜನ ಬಾಡಿಗೆ ಮನೆಯಲ್ಲಿರುವ ದೇಶ ಇದು, ನೆನಪಿರಲಿ.

ಹೀಟ್ ಪಂಪ್ ಬಂದರೆ ನಿಮಗೆ ಲಾಭವೋ ನಷ್ಟವೋ? ಅದು ಎರಡು ಅಂಕಿಗಳ ಮೇಲೆ ನಿಂತಿದೆ. ಒಂದು ಯೂನಿಟ್ ಕರೆಂಟಿಗೆ ಪಂಪ್ ವರ್ಷದ ಸರಾಸರಿಯಲ್ಲಿ ಎಷ್ಟು ಯೂನಿಟ್ ಶಾಖ ಕೊಡುತ್ತದೆ ಅನ್ನುವುದು ಮೊದಲನೆಯದು, ಕರೆಂಟಿನ ದರ ಎರಡನೆಯದು. ಮೂರು ಯೂನಿಟ್ ಶಾಖ ಕೊಟ್ಟರೆ, ಹೀಟ್ ಪಂಪಿಗೆಂದೇ ಇರುವ ಅಗ್ಗದ ದರ 27 ಸೆಂಟ್ ಅಂತ ಇಟ್ಟುಕೊಂಡರೆ, ಈಗ ಬಾಯ್ಲರಿನಲ್ಲಿ ವ್ಯರ್ಥವಾಗುವ ಶಾಖ ಕಳೆದ ಮೇಲೆ, ನಿಮ್ಮ ಮನೆಗೆ ವರ್ಷಕ್ಕೆ 1,100 ಯೂರೊ ಚಿಲ್ಲರೆ ಆಗುತ್ತದೆ. ಗ್ಯಾಸಿಗಿಂತ ಸುಮಾರು 580 ಕಡಿಮೆ. ಬಾಡಿಗೆ ಏರಿಕೆ ವರ್ಷಕ್ಕೆ 450. ಕೈಯಲ್ಲಿ ಸ್ವಲ್ಪ ಉಳಿಯುತ್ತದೆ. ಇನ್ಸುಲೇಷನ್ ಇಲ್ಲದ ಕಟ್ಟಡದಲ್ಲಿ ಪಂಪ್ ಎರಡೂವರೆಗೆ ಇಳಿದರೆ, ಜೊತೆಗೆ ಮಾಮೂಲಿ ಮನೆ ಕರೆಂಟಿನ ದರವೇ ಹಾಕಿದರೆ, ಉಳಿತಾಯ ಇರಲಿ, ಗ್ಯಾಸಿಗಿಂತ ದುಬಾರಿ. ಕಾನೂನಿಗೂ ಇದು ಗೊತ್ತು. ಹಳೇ ಕಟ್ಟಡದಲ್ಲಿ ಎರಡೂವರೆ ಬರುತ್ತದೆ ಅಂತ ತಜ್ಞರಿಂದ ಬರೆಸಿ ಕೊಡದಿದ್ದರೆ ಮಾಲೀಕರು ಅರ್ಧ ಖರ್ಚನ್ನಷ್ಟೇ ಬಾಡಿಗೆಗೆ ಹಾಕಬಹುದು. ಆ ಕಾಗದ ಕೇಳಿ. ಕೇಳುವುದು ಜಗಳವಲ್ಲ.

ಬಾಡಿಗೆ ಏರಿಕೆ ತೀರಾ ಭಾರವಾದರೆ 'ಹೆರ್ಟೆಫಾಲ್', ಅಂದರೆ ನಮ್ಮ ಪರಿಸ್ಥಿತಿಗೆ ಇದು ಹೊರೆ ಅಂತ ಲಿಖಿತವಾಗಿ ಹೇಳಬಹುದು. ಸರಿಯಾದ ನೋಟಿಸು ಕೆಲಸ ಶುರುವಾಗುವ ಮೂರು ತಿಂಗಳು ಮೊದಲೇ ಬರಬೇಕು. ಬಂದ ತಿಂಗಳ ಮುಂದಿನ ತಿಂಗಳ ಕೊನೆಯೊಳಗೆ ನೀವು ಹೇಳಿಬಿಡಬೇಕು. ಈ ಹೀಟಿಂಗ್ ಕಾನೂನನ್ನೇ ಬದಲಿಸುತ್ತೇವೆ ಅಂತ ಈಗಿನ ಸರಕಾರ ಹೊರಟಿರುವುದರಿಂದ, ಉತ್ತರ ಕಳಿಸುವ ಮುನ್ನ ಪತ್ರವನ್ನು ಊರಿನ ಬಾಡಿಗೆದಾರರ ಸಂಘಕ್ಕೆ ತೋರಿಸಿ. ವರ್ಷದ ಸದಸ್ಯತ್ವ ನೂರು ಯೂರೊ ಆಸುಪಾಸು. ನಿಮ್ಮ ವಿಷಯದಲ್ಲಿ ಮೊದಲ ತಿಂಗಳಲ್ಲೇ ದುಡ್ಡು ಹುಟ್ಟುತ್ತದೆ.

ಇನ್ನು ಕೆಲಸ. ಇಲ್ಲಿ ನಾನು ಸಮಾಧಾನದ ಮಾತು ಹೇಳುವುದಿಲ್ಲ. ಪೆಟ್ರೋಲ್, ಡೀಸೆಲ್ ಎಂಜಿನ್ನಿಗೆ ಬೇಕಾದಷ್ಟು ಬಿಡಿಭಾಗ ಎಲೆಕ್ಟ್ರಿಕ್ ಮೋಟಾರಿಗೆ ಬೇಡ. ಚೀನಾದ ಪೈಪೋಟಿ, ಕುಸಿದ ಮಾರಾಟ, ಇಲ್ಲಿಯ ಖರ್ಚು ಎಲ್ಲವೂ ಸೇರಿಕೊಂಡಿವೆ. ಫೋಕ್ಸ್‌ವಾಗನ್ 2030ರೊಳಗೆ ಜರ್ಮನಿಯಲ್ಲಿ 35,000ಕ್ಕೂ ಜಾಸ್ತಿ ಹುದ್ದೆ ಇಳಿಸುವ ಒಪ್ಪಂದಕ್ಕೆ 2024ರ ಡಿಸೆಂಬರಿನಲ್ಲಿ ಕಾರ್ಮಿಕ ಸಂಘದ ಜೊತೆ ಸಹಿ ಹಾಕಿತು, ಬಲವಂತವಾಗಿ ಯಾರನ್ನೂ ತೆಗೆಯುವುದಿಲ್ಲ ಅನ್ನುವ ಷರತ್ತಿನ ಮೇಲೆ. ಸಣ್ಣ ಬಿಡಿಭಾಗ ಕಂಪನಿಗಳಲ್ಲಿ ಅಷ್ಟು ಬಲವಾದ ಸಂಘ ಇರುವುದಿಲ್ಲ.

ಕಲ್ಲಿದ್ದಲಿನವರಿಗೆ ಏನು ಸಿಕ್ಕಿತು ಅಂತ ನೋಡಿದರೆ ವ್ಯತ್ಯಾಸ ಕಾಣುತ್ತದೆ. ಪೂರ್ವದ ಲೌಸಿಟ್ಸ್ ಪ್ರದೇಶದಲ್ಲಿ 1989ರಲ್ಲಿ ಸುಮಾರು 80,000 ಜನ ಕಂದುಕಲ್ಲಿದ್ದಲು ನಂಬಿಕೊಂಡಿದ್ದರು. ಜರ್ಮನಿ ಒಂದಾದ ಮೇಲೆ ಕೆಲವೇ ವರ್ಷಗಳಲ್ಲಿ ಬಹುತೇಕ ಹುದ್ದೆ ಹೋದವು, ಯಾರೂ ಕೇಳಲಿಲ್ಲ. ಈಗ ಹತ್ತರಲ್ಲೊಂದು ಪಾಲು ಉಳಿದಿದೆ. ಆ ನೆನಪು ಇದ್ದದ್ದರಿಂದಲೇ ಎರಡನೇ ಸಲ ಮುಚ್ಚುವ ಮಾತು ಬಂದಾಗ ಅವರು ಮೊದಲು ಲೆಕ್ಕ ಕೊಡಿ ಅಂದರು. 2020ರ ಕಾನೂನು 2038ರ ಗಡುವು ಇಟ್ಟಿತು, ಕಲ್ಲಿದ್ದಲು ಊರುಗಳಿಗೆ 40 ಬಿಲಿಯನ್ ಯೂರೊ ಇಟ್ಟಿತು, 58 ದಾಟಿದ ಕೆಲಸಗಾರರಿಗೆ ಪಿಂಚಣಿಯವರೆಗೆ ಐದು ವರ್ಷದ ಭತ್ಯೆ ಕೊಟ್ಟಿತು. ಆ ಪ್ರದೇಶದ ಕೊಟ್‌ಬುಸ್‌ಗೆ ಹೋಗಿದ್ದೆ. ಗಣಿಯ ಗುಂಡಿಗೆ ನೀರು ತುಂಬಿ ಕೆರೆ ಮಾಡುತ್ತಿದ್ದಾರೆ. ದಡದಲ್ಲಿ ನಿಂತರೆ ಆ ಬದಿ ಸರಿಯಾಗಿ ಕಾಣುವುದಿಲ್ಲ. ಊರಿನೊಳಗೆ ರೈಲ್ವೆಯ ಹೊಸ ಕಾರ್ಖಾನೆ 2024ರಲ್ಲಿ ಶುರುವಾಗಿದೆ, 1,200 ಹುದ್ದೆಯ ಗುರಿ. ಎಂಜಿನ್ ಬಿಡಿಭಾಗದವರಿಗೆ ಇಂಥ ಕಾನೂನೂ ಇಲ್ಲ, ಗಡುವು ಹಾಕಿದ ಪರಿಹಾರವೂ ಇಲ್ಲ. ಇರುವುದು ಮಾಮೂಲಿ ವಿಮೆ ಮತ್ತು ನಿಮ್ಮ ಎಚ್ಚರ.

ಆ ವಿಮೆ ಕೆಟ್ಟದ್ದಲ್ಲ. ನಿಮ್ಮ ಯಜಮಾನರ ಸಂಬಳದಿಂದ ಪ್ರತಿ ತಿಂಗಳೂ ನಿರುದ್ಯೋಗ ವಿಮೆಗೆ ಶೇ 1.3 ಕಡಿತವಾಗುತ್ತಿದೆ, ಕಂಪನಿಯೂ ಅಷ್ಟೇ ಹಾಕುತ್ತಿದೆ. ಎರಡು ವರ್ಷ ಕಟ್ಟಿದವರಿಗೆ ಕೆಲಸ ಹೋದರೆ 12 ತಿಂಗಳು ಹಣ ಬರುತ್ತದೆ. ಮಕ್ಕಳಿದ್ದರೆ ಕೈಗೆ ಬರುತ್ತಿದ್ದ ಸಂಬಳದ ಶೇ 67, ಸಂಬಳಕ್ಕೆ ಒಂದು ಮೇಲ್ಮಿತಿ ಇದೆ. ಇದು ಭಿಕ್ಷೆಯಲ್ಲ, ಬ್ಯೂರ್ಗರ್‌ಗೆಲ್ಡೂ ಅಲ್ಲ. ಕಟ್ಟಿದ ವಿಮೆಯ ಹಣ, ವೀಸಾಕ್ಕೆ ಇದರಿಂದ ಕಪ್ಪುಚುಕ್ಕೆ ಬೀಳುವುದಿಲ್ಲ. ಮಕ್ಕಳ ಭತ್ಯೆಯೂ ಹಾಗೇ. 2026ರಿಂದ ಮಗುವಿಗೆ ತಿಂಗಳಿಗೆ 259 ಯೂರೊ.

ಅಪಾಯ ಇರುವುದು ಆ "ಸಹಿ ಹಾಕಿ ಹೊರಡಿ" ಕಾಗದದಲ್ಲಿ. ಅದಕ್ಕೆ ಔಫ್‌ಹೇಬುಂಗ್ಸ್‌ಫೆರ್‌ಟ್ರಾಗ್ ಅಂತಾರೆ. ಅದಕ್ಕೆ ಸಹಿ ಹಾಕಿದರೆ ನೀವೇ ಕೆಲಸ ಬಿಟ್ಟ ಹಾಗೆ ಅಂತ ಉದ್ಯೋಗ ಕಚೇರಿ ಸಾಮಾನ್ಯವಾಗಿ 12 ವಾರ ಹಣ ತಡೆಹಿಡಿಯುತ್ತದೆ. ತಡೆದ ವಾರಗಳು ಆಮೇಲೆ ಸಿಗುವುದೂ ಇಲ್ಲ, ಒಟ್ಟು ಅವಧಿಯಲ್ಲೇ ಕಳೆದುಹೋಗುತ್ತವೆ. 40,000 ಯೂರೊ ಪರಿಹಾರ ಅಂತ ಖುಷಿಯಲ್ಲಿ ಸಹಿ ಹಾಕಿ ಬಂದವರು ತೆರಿಗೆ ಹೋಗಿ, ಮೂರು ತಿಂಗಳು ಹೋಗಿ, ಕೈಯಲ್ಲಿ ಎಷ್ಟು ಉಳಿಯಿತು ಅಂತ ನನ್ನ ಎದುರು ಲೆಕ್ಕ ಹಾಕಿದ್ದನ್ನು ನೋಡಿದ್ದೇನೆ. ಕಾರ್ಮಿಕ ವಕೀಲರು ನೋಡದ ಕಾಗದಕ್ಕೆ ಸಹಿ ಬೇಡ. ಅವತ್ತೇ ಉತ್ತರ ಕೊಡಿ ಅಂದರೆ ಅವತ್ತು ಕೊಡಬೇಡಿ. ಕೆಲಸ ಹೋಗುವುದು ಖಚಿತವಾದರೆ ಮೂರು ತಿಂಗಳು ಮೊದಲೇ ಉದ್ಯೋಗ ಕಚೇರಿಯಲ್ಲಿ ಹೆಸರು ಬರೆಸಬೇಕು. ಅಷ್ಟು ಸಮಯ ಇಲ್ಲದಿದ್ದರೆ ಗೊತ್ತಾದ ಮೂರು ದಿನದೊಳಗೆ.

ಸಹಿಗೆ ಬದಲು ಏನು ಕೇಳಬಹುದು? ಕಡಿಮೆ ಗಂಟೆ ಕೆಲಸ ಮಾಡಿಸಿ, ಕಳೆದುಹೋದ ಸಂಬಳದ ಪಾಲನ್ನು ಉದ್ಯೋಗ ಕಚೇರಿ ತುಂಬುವ ಕುರ್ಟ್ಸ್‌ಆರ್ಬೈಟ್ ಇದೆ. ಕಂಪನಿ ಮುಚ್ಚುವುದೇ ಆದರೆ ಒಂದು ವರ್ಷದವರೆಗೆ ವರ್ಗಾವಣೆ ಕಂಪನಿಯಲ್ಲಿ ಇರಿಸಿಕೊಂಡು ಬೇರೆ ಕೆಲಸಕ್ಕೆ ತಯಾರು ಮಾಡುವ ದಾರಿ ಇದೆ. 2024ರ ಏಪ್ರಿಲ್‌ನಿಂದ ಕ್ವಾಲಿಫಿತ್ಸೀರುಂಗ್ಸ್‌ಗೆಲ್ಡ್ ಅಂತ ಹೊಸದೊಂದು ಬಂದಿದೆ. ಹೆಸರು ಹೇಳಲು ನಾಲಿಗೆ ತಿರುಗುವುದಿಲ್ಲ, ಆದರೆ ನಿಮ್ಮ ಯಜಮಾನರ ಪರಿಸ್ಥಿತಿಗೆಂದೇ ಮಾಡಿದ ಹಾಗಿದೆ. ಕೆಲಸದಲ್ಲಿ ಇರುವಾಗಲೇ ಹೊಸ ತಂತ್ರಜ್ಞಾನ ಕಲಿಯಲು ಕಳಿಸುತ್ತಾರೆ, ಕಲಿಯುವ ಹೊತ್ತಿನ ಸಂಬಳದ ಶೇ 60 ಅಥವಾ 67ನ್ನು ಉದ್ಯೋಗ ಕಚೇರಿ ಕೊಡುತ್ತದೆ. ಒಂದೇ ತೊಡಕು, ಒಬ್ಬರೇ ಅರ್ಜಿ ಹಾಕುವಂತಿಲ್ಲ. ಕಂಪನಿ ಮತ್ತು ಕೆಲಸಗಾರರೇ ಆರಿಸಿದ ಸಿಬ್ಬಂದಿ ಮಂಡಳಿ ಒಪ್ಪಂದ ಮಾಡಿಕೊಳ್ಳಬೇಕು. ಹಾಗಾಗಿ ಮಂಡಳಿಯವರನ್ನು ಹೋಗಿ ಕೇಳುವುದು ನಿಮ್ಮ ಯಜಮಾನರ ಕೆಲಸ. ನಮ್ಮವರು ಈ ಮಂಡಳಿಯ ಕೋಣೆಗೆ ಹೋಗಲು ಹಿಂಜರಿಯುತ್ತಾರೆ, ಜಗಳಗಂಟರು ಅಂತ ಹೆಸರು ಬರುತ್ತದೇನೋ ಅಂತ. ಜರ್ಮನ್ ಸಹೋದ್ಯೋಗಿಗಳು ಕಾಫಿ ಕಪ್ ಹಿಡಿದುಕೊಂಡು ಹೋಗಿ ಕೂತು ಬರುತ್ತಾರೆ.

ವೀಸಾ. ಬ್ಲೂ ಕಾರ್ಡ್ ಎರಡು ವರ್ಷ ದಾಟಿದ್ದರೆ, ಕೆಲಸ ಇಲ್ಲದ ಆರು ತಿಂಗಳವರೆಗೆ ಅದೇ ಕಾರಣಕ್ಕೆ ಕಾರ್ಡ್ ಕಿತ್ತುಕೊಳ್ಳುವಂತಿಲ್ಲ. ವಿಮೆ ಹಣ 12 ತಿಂಗಳು, ಕಾರ್ಡಿನ ರಕ್ಷಣೆ 6 ತಿಂಗಳು. ಈ ಎರಡು ಅಂಕಿ ಹೊಂದುವುದಿಲ್ಲ ನೋಡಿ, ನಮ್ಮವರು ಸಿಕ್ಕಿಬೀಳುವುದು ಇಲ್ಲೇ. ಕೆಲಸ ಹೋದದ್ದನ್ನು ವಿದೇಶಿಯರ ಕಚೇರಿಗೆ ತಿಳಿಸಲೇಬೇಕು. ಇದಕ್ಕೆಲ್ಲ ಒಳ್ಳೇ ಪರಿಹಾರ ಕೆಲಸ ಇರುವಾಗಲೇ ಇದೆ. ಬ್ಲೂ ಕಾರ್ಡಿನವರು ಪಿಂಚಣಿ ವಿಮೆ 27 ತಿಂಗಳು ಕಟ್ಟಿ ಎ1 (ಮೊದಲ ಮಟ್ಟದ) ಜರ್ಮನ್ ಭಾಷೆ ಬಂದರೆ, ಬಿ1 (ಮಧ್ಯಮ ಮಟ್ಟ) ಇದ್ದರೆ 21 ತಿಂಗಳಿಗೇ, ಕಾಯಂ ವಾಸದ ಪರವಾನಗಿ ಕೇಳಬಹುದು. ನೀವು ಬಂದು ನಾಲ್ಕೂವರೆ ವರ್ಷ ಆಯಿತು. ಇನ್ನೂ ಹಾಕಿಲ್ಲದಿದ್ದರೆ ಈ ವಾರವೇ ಹಾಕಿಸಿ. ಸಂಬಳದ ಚೀಟಿ ಇನ್ನೂ ಬರುತ್ತಿರುವಾಗ.

ಕೊನೆಗೆ ಮತ್ತೆ ಆ ಮೂರನೇ ಪುಟ. 2023ರಿಂದ ಕಾರ್ಬನ್ ಶುಲ್ಕವನ್ನು ಬಾಡಿಗೆದಾರರು ಒಬ್ಬರೇ ಹೊರಬೇಕಿಲ್ಲ. ಕಟ್ಟಡ ಕೆಟ್ಟಷ್ಟೂ ಮಾಲೀಕರ ಪಾಲು ಜಾಸ್ತಿ, ಹತ್ತು ಮೆಟ್ಟಿಲಿನ ಪಟ್ಟಿ ಇದೆ. ಚದರ ಮೀಟರಿಗೆ ವರ್ಷಕ್ಕೆ 12 ಕಿಲೋಗಿಂತ ಕಡಿಮೆ ಇಂಗಾಲ ಬಂದರೆ ಪೂರ್ತಿ ನಿಮ್ಮದು, 52 ದಾಟಿದರೆ ಶೇ 95 ಮಾಲೀಕರದು. ನಿಮ್ಮದು ಸುಮಾರು 34. ಆ ಮೆಟ್ಟಿಲಲ್ಲಿ ಅರ್ಧರ್ಧ. ಅಂದರೆ 167ರಲ್ಲಿ 83 ಯೂರೊ ಮಾಲೀಕರು ಕೊಡಬೇಕು. ಗ್ಯಾಸಿನಲ್ಲೇ ಅಡುಗೆಯನ್ನೂ ಮಾಡುತ್ತಿದ್ದರೆ ಅದರಲ್ಲಿ ಸ್ವಲ್ಪ ಕಳೆಯುತ್ತಾರೆ. ಕಟ್ಟಡಕ್ಕೆಲ್ಲ ಒಂದೇ ಬಾಯ್ಲರ್ ಇದ್ದಿದ್ದರೆ ವರ್ಷದ ಲೆಕ್ಕದಲ್ಲಿ ಮಾಲೀಕರೇ ಕಳೆದು ತೋರಿಸಬೇಕಿತ್ತು. ನಿಮ್ಮದು ಸ್ವಂತ ಕರಾರು, ಹಾಗಾಗಿ ನೀವೇ ಕೇಳಬೇಕು. ಇಲ್ಲಿಯೂ ಅರ್ಜಿಯೇ ನೋಡಿ!

ಇಮೇಲ್ ಸಾಕು. ಮನೆಯ ಅಳತೆ, ಯೂನಿಟ್, ಮೂರನೇ ಪುಟದ ಶುಲ್ಕ, ಅವರ ಪಾಲು, ನಿಮ್ಮ ಬ್ಯಾಂಕ್ ಖಾತೆ, ಜೊತೆಗೆ ಬಿಲ್ಲಿನ ಪ್ರತಿ. ನಾಲ್ಕು ಸಾಲು. ಬಿಲ್ ಬಂದ 12 ತಿಂಗಳೊಳಗೆ ಕೇಳಬೇಕು. 2024ರ ಬಿಲ್ ಎಲ್ಲಾದರೂ ಡ್ರಾಯರಿನಲ್ಲಿ ಇದ್ದರೆ ತಾರೀಖು ನೋಡಿ. ವರ್ಷ ತುಂಬಿಲ್ಲದಿದ್ದರೆ ಅದನ್ನೂ ಇದೇ ಇಮೇಲಿನಲ್ಲಿ ಸೇರಿಸಿ ಕಳಿಸಿ.